ಎರಡು ಸಲ ಬಂದ ಭಾನುವಾರ

ಅಣ್ಣನ ಫೋನು ಬಂದರೆ ಈಗ ಯೋಗಕ್ಷೇಮದ ಮಾತು ಒಂದೇ ನಿಮಿಷ. ಆಮೇಲೆ ನೇರವಾಗಿ ವಿಷಯಕ್ಕೆ ಬರುತ್ತಾನೆ: "ಹುಡುಗನನ್ನು ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಲೋ ಬೇಡವೋ? ಎಐ ಬಂದು ನಿಮ್ಮ ಕೆಲಸವನ್ನೆಲ್ಲ ನುಂಗುತ್ತದಂತಲ್ಲ. ಅಲ್ಲೇ ಕುಳಿತಿದ್ದೀಯ, ನಿನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?" ಅಮೆರಿಕದಲ್ಲಿ ಕುಳಿತವನಿಗೆ ನಾಳೆ ಎಂಬುದು ಒಂದು ದಿನ ಮೊದಲೇ ಕಾಣುತ್ತದೆ ಎಂದು ಅವನ ನಂಬಿಕೆ. ನಮ್ಮ ಗಡಿಯಾರ ನಿಮ್ಮದಕ್ಕಿಂತ ಹಿಂದೆ ಇರುವುದನ್ನು ಅವನಿಗೆ ನೆನಪಿಸಬೇಕು.

ಗಡಿಯಾರದ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಇಲ್ಲಿನ ಬಹುತೇಕ ರಾಜ್ಯಗಳಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. ಹೀಗಾಗಿ ನವೆಂಬರಿನ ಆ ಭಾನುವಾರಕ್ಕೆ 25 ಗಂಟೆ. ಗಡಿಯಾರ ಮುಟ್ಟದ ದೇಶದಿಂದ ಬಂದವನು ನಾನು. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಾಳೆಯ ತಾರೀಕು ಬೇಕಾದರೆ ಇವತ್ತಿಗೆ 24 ಗಂಟೆ ಕೂಡಿಸು ಎಂದು ಕೋಡ್ ಬರೆದಿದ್ದೆ. ಭಾನುವಾರ ಶುರುವಾಗುವ ಮಧ್ಯರಾತ್ರಿಗೆ 24 ಗಂಟೆ ಕೂಡಿಸಿದರೆ ಸೋಮವಾರ ಬರಲಿಲ್ಲ, ಅದೇ ಭಾನುವಾರ ರಾತ್ರಿ ಹನ್ನೊಂದು ಗಂಟೆ ಬಂತು. ಗ್ರಾಹಕರಿಗೆ ಒಂದೇ ದಿನದ ಬಿಲ್ಲು ಎರಡೆರಡು ಸಲ ಹೋಯಿತು. ಹಿರಿಯ ಸಹೋದ್ಯೋಗಿ ಬೈಯಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, ಹಾಳೆಯ ಮೇಲೆ ಎರಡು ಗಡಿಯಾರ ಬರೆದು ತೋರಿಸಿ, "ಈಗ ಇದಕ್ಕೊಂದು ಪರೀಕ್ಷೆ ಬರೆದಿಡು" ಎಂದರು. ಪರೀಕ್ಷೆ ಎಂದರೆ, ಆ ಭಾನುವಾರದ ನಾಳೆ ಸೋಮವಾರವೇ ಎಂದು ಕೋಡಿನ ಉತ್ತರವನ್ನು ತಾನಾಗಿ ತಾಳೆ ನೋಡುವ ಇನ್ನೊಂದು ಪುಟ್ಟ ಕೋಡ್. ಬರೆದಿಟ್ಟೆ.

ಈಚೆಗೆ ಅದೇ ಹಳೆಯ ಕೋಡನ್ನು ಹೊಸದಾಗಿ ಬರೆಯುವ ಕೆಲಸವನ್ನು ಎಐಗೆ ಒಪ್ಪಿಸಿದೆವು. ನಾಲ್ಕು ನೂರು ಸಾಲು, ಕೆಲವೇ ನಿಮಿಷ. ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಸುಳ್ಳೇಕೆ ಹೇಳಲಿ, ಟಿಪ್ಪಣಿಗಳಂತೂ ನನ್ನವಕ್ಕಿಂತ ಚೆನ್ನಾಗಿದ್ದವು. ಕೊನೆಗೆ "ಎಲ್ಲ ಪರೀಕ್ಷೆಗಳೂ ಪಾಸಾಗಿವೆ" ಎಂಬ ವರದಿ. ಏನೇನು ಬದಲಾಗಿದೆ ಎಂದು ಸಾಲುಸಾಲಾಗಿ ಓದುತ್ತ ಬಂದೆ. ನನ್ನ ಆ ಹಳೆಯ ಪರೀಕ್ಷೆಯ ಹತ್ತಿರ ಒಂದು ಕೆಂಪು ಗೆರೆ, ಕೆಳಗೇ ಒಂದು ಹಸಿರು ಗೆರೆ. "ಸೋಮವಾರ" ಅಳಿಸಿಹೋಗಿತ್ತು, ಆ ಜಾಗದಲ್ಲಿ "ಭಾನುವಾರ" ಇತ್ತು. ಎಐ ಕೂಡ ನನ್ನಂತೆಯೇ 24 ಗಂಟೆ ಕೂಡಿಸಿತ್ತು. ಉತ್ತರ ತಾಳೆಯಾಗದಿದ್ದಾಗ ಲೆಕ್ಕವನ್ನು ಬಿಟ್ಟು ಉತ್ತರವನ್ನೇ ತಿದ್ದಿ, ಸಭ್ಯನಂತೆ ಕೈಕಟ್ಟಿ ನಿಂತಿತ್ತು.

ಇದನ್ನು ಹೇಳಿದಾಗ ಅಣ್ಣ, "ಹಾಗಾದರೆ ನಿಮ್ಮ ಕೆಲಸಕ್ಕೇನೂ ಭಯವಿಲ್ಲ" ಎಂದು ಸಮಾಧಾನ ಪಟ್ಟುಕೊಂಡ. ನನಗೆ ಆ ಸಮಾಧಾನವಿಲ್ಲ. ಆ ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ನಾನೇ ಒಮ್ಮೆ ಅದನ್ನು ಮಾಡಿದ್ದರಿಂದ. ಮಾಡಲು ನನಗೊಂದು ಕುರ್ಚಿ, ಪಕ್ಕದಲ್ಲಿ ಒಬ್ಬರು ಹಿರಿಯರು ಇದ್ದುದರಿಂದ. ಈಗ ನಮ್ಮ ತಂಡದಿಂದ ಇಬ್ಬರು ಹೊಸಬರು ಬಿಟ್ಟುಹೋದರು, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಅವರು ಮಾಡುತ್ತಿದ್ದ ಚಿಲ್ಲರೆ ಕೆಲಸಗಳನ್ನು ಎಐ ಮಾಡುತ್ತದೆ, ಅದು ಮಾಡಿದ್ದನ್ನು ನಾನು ಓದುತ್ತೇನೆ. ದಿನವಿಡೀ ಓದುತ್ತೇನೆ. ಬರೆಯುವ ಸುಖ ಹೋಗಿ ಮೌಲ್ಯಮಾಪಕನ ಬದುಕು ಬಂದಿದೆ.

2025ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿ ಕಂಡುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ. 22ರಿಂದ 25 ವರ್ಷದ ಸಾಫ್ಟ್‌ವೇರ್ ಉದ್ಯೋಗಿಗಳ ಸಂಖ್ಯೆ 2022ರ ಕೊನೆಯಲ್ಲಿದ್ದ ಮಟ್ಟದಿಂದ ಸುಮಾರು ಶೇ 20ರಷ್ಟು ಕುಸಿದಿತ್ತು. ಹಿರಿಯರ ಕುರ್ಚಿಗಳು ಹಾಗೆ ಅಲುಗಿರಲಿಲ್ಲ. ಎಲ್ಲ ಪಾಪವನ್ನೂ ಎಐ ತಲೆಗೆ ಕಟ್ಟುವುದು ಸರಿಯಲ್ಲ, ಅದೂ ನಿಜ. 2022ರ ಆರಂಭದಲ್ಲಿ ಸೊನ್ನೆಯ ಹತ್ತಿರವಿದ್ದ ಇಲ್ಲಿನ ಬಡ್ಡಿದರ ಮುಂದಿನ ವರ್ಷ ಶೇ 5ನ್ನು ದಾಟಿತು. ಅಗ್ಗದ ಸಾಲದ ಕಾಲದಲ್ಲಿ ಹಿಂದೆಮುಂದೆ ನೋಡದೆ ಜನರನ್ನು ತುಂಬಿಕೊಂಡಿದ್ದ ಕಂಪನಿಗಳಿಗೆ ಈಗ ಎಐ ಎಂಬುದು ಮರ್ಯಾದೆಯ ನೆಪವೂ ಆಗಿದೆ. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಇರುವವರಿಗೆ ನಿಜವಾದರೇನು, ನೆಪವಾದರೇನು? ಕೆಲಸ ಹೋದ ಮೇಲೆ ಇನ್ನೊಂದನ್ನು ಹುಡುಕಿಕೊಳ್ಳಲು ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ.

ಹಿರಿಯರು ಮೆರೆಯುವ ಹಾಗೂ ಇಲ್ಲ. 2025ರ ಜುಲೈಯಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಅನುಭವಿಗಳಾದ 16 ಮಂದಿ ಡೆವಲಪರ್‌ಗಳು ಎಐ ಹಿಡಿದು ಕೆಲಸ ಮಾಡಿದಾಗ ಶೇ 19ರಷ್ಟು ಹೆಚ್ಚು ಸಮಯ ತೆಗೆದುಕೊಂಡರು. ಕೇಳಿದರೆ, ಶೇ 20ರಷ್ಟು ಬೇಗ ಮುಗಿಸಿದೆವು ಎಂದರು. ಓದಿ ನಕ್ಕೆ, ಆಮೇಲೆ ನನ್ನದೇ ಹಿಂದಿನ ವಾರ ನೆನಪಾಗಿ ಸುಮ್ಮನಾದೆ.

ಮೊನ್ನೆ ಅಣ್ಣ ಫೋನನ್ನು ಮಗನ ಕೈಗೇ ಕೊಟ್ಟ. "ಚಿಕ್ಕಪ್ಪ, ನಾನು ಏನು ಓದಲಿ?" ಎಂದು ಕೇಳಿದ. ನಾನು ತಿರುಗಿ ಕೇಳಿದೆ: "ಇವತ್ತಿನ ಮಧ್ಯರಾತ್ರಿಗೆ 24 ಗಂಟೆ ಕೂಡಿಸಿದರೆ ಎಷ್ಟಾಗುತ್ತದೆ?"

"ನಾಳೆ ಮಧ್ಯರಾತ್ರಿ. ಇದೇನು ಪ್ರಶ್ನೆ ಚಿಕ್ಕಪ್ಪ!"

"ಇನ್ನೊಂದು ಸಲ ಯೋಚಿಸಿ ಹೇಳು" ಎಂದು ಫೋನಿಟ್ಟೆ.

ಮರುದಿನ ಮಲಗುವ ಹೊತ್ತಿಗೆ ಅವನ ಸಂದೇಶ ಬಂದಿತ್ತು: "ಯಾವ ದೇಶದಲ್ಲಿ, ಚಿಕ್ಕಪ್ಪ? ಯಾವ ತಾರೀಕು?"

ತಾನೇ ಯೋಚಿಸಿದನೋ, ಎಐಯನ್ನು ಕೇಳಿದನೋ ಗೊತ್ತಿಲ್ಲ. ಅಣ್ಣನಿಗೆ ಇನ್ನೂ ಏನೂ ಹೇಳಿಲ್ಲ.