ಪಿ.ಬಿ. ರೋಡಿನ ಮೇಲೆ ಬಂದ ಸುದ್ದಿ

ಶಂಕರ್ ನಾಗ್ ತೀರಿಕೊಂಡ ಸುದ್ದಿ ನಮ್ಮ ಮನೆಗೆ ಮೊದಲು ತಂದದ್ದು ರೇಡಿಯೋ ಅಲ್ಲ, ಪೇಪರೂ ಅಲ್ಲ. ಲಾರಿಗಳು ತಂದವು. ಅದೂ ಒಂದೇ ಸಲಕ್ಕೆ ಅಲ್ಲ. ಒಂದು ಗಾಡಿ ಒಂದು ತುಂಡು ತಂತು, ಹಿಂದೆ ಬಂದ ಗಾಡಿ ಇನ್ನೊಂದು ತುಂಡು ಇಳಿಸಿ ಹೋಯಿತು. ಎಲ್ಲ ಕೂಡಿ ಪೂರ್ತಿ ಸುದ್ದಿ ಆಗುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು.

ನಮ್ಮದು ರಾಣೆಬೆನ್ನೂರು. ಈಗ ಹಾವೇರಿ ಜಿಲ್ಲೆ, ಆಗ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಅಪ್ಪನದು ಪಿ.ಬಿ. ರೋಡಿನ ಪಕ್ಕ ಪಂಕ್ಚರ್ ಅಂಗಡಿ. ಪಿ.ಬಿ. ರೋಡ್ ಅಂದರೆ ಪುಣೆ–ಬೆಂಗಳೂರು ರಸ್ತೆ. ಸರ್ಕಾರದ ಲೆಕ್ಕದಲ್ಲಿ ಆಗ ಎನ್.ಎಚ್. 4, ಈಗ 48. ಆಗ ನಡುವೆ ಡಿವೈಡರ್ ಇರಲಿಲ್ಲ. ಹೋಗುವವರಿಗೂ ಬರುವವರಿಗೂ ಒಂದೇ ಡಾಂಬರು. ರಾತ್ರಿ ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದರೆ ರಸ್ತೆಯ ಅಂಚು ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. ಆಕ್ಸಿಡೆಂಟ್ ಅನ್ನುವ ಮಾತು ನಮ್ಮ ಮನೆಯಲ್ಲಿ ಮಳೆ, ಬೆಳೆ ಅನ್ನುವಷ್ಟೇ ಸಹಜವಾಗಿ ಬರುತ್ತಿತ್ತು. ಎಲ್ಲಿ ಆಯ್ತು, ಯಾವ ಗಾಡಿ, ಎಷ್ಟು ಮಂದಿ ಅಂತ ಅಪ್ಪ ಕೇಳುತ್ತಿದ್ದ. ಡ್ರೈವರ್ ಹೇಳುತ್ತಿದ್ದ. ಟೈರು ಏರಿಸಿಕೊಂಡು ಹೋಗುತ್ತಿದ್ದ.

1990ರ ಸೆಪ್ಟೆಂಬರ್ 30. ರವಿವಾರ. ಹಿಂದಿನ ದಿನವಷ್ಟೇ ಬನ್ನಿ ಹಬ್ಬ. ನಾನು ಆಗ ನಾಲ್ಕನೇ ಇಯತ್ತೆ. ಹಬ್ಬದ ದಿನ ಸಿಗದೇ ಉಳಿದವರ ಮನೆಗೆ ಮರುದಿನ ಹೋಗಿ ಬನ್ನಿ ಕೊಟ್ಟು ಕಾಲಿಗೆ ಬೀಳುವುದು ನಮ್ಮಲ್ಲಿ ರೂಢಿ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಹೇಳಿಸಿಕೊಂಡು, ನಾಲ್ಕಾಣೆ ಎಂಟಾಣೆ ಕೈಗೆ ಬಿದ್ದರೆ ಅದೇ ಖುಷಿ. ಅಂಗಡಿಯಲ್ಲಿ ಖಂಡೇ ಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ಜಾಕಿಗೆ, ಲಿವರಿಗೆ, ಗಾಳಿ ಹೊಡೆಯುವ ಟ್ಯಾಂಕಿಗೆ ಮೂರು ಬೆರಳಿನ ವಿಭೂತಿ. ರಸ್ತೆಯಲ್ಲಿ ಹೋಗುವ ಲಾರಿಗಳಿಗೂ ಅಷ್ಟೇ, ಬಂಪರಿಗೆ ಕಟ್ಟಿದ ಬಾಳೆಕಂದು ಬಾಡಿತ್ತು, ಚೆಂಡು ಹೂವಿನ ಮಾಲೆ ಗಾಳಿಗೆ ಹರಿದು ಒಂದೇ ಕಡೆ ಜೋತು ಬಿದ್ದಿತ್ತು.

ಹಬ್ಬಕ್ಕೆ ಅಂತ ಹುಬ್ಬಳ್ಳಿಯಿಂದ ಕಾಕಾ ಬಂದಿದ್ದ. ಅಪ್ಪನ ತಮ್ಮ. ಅಲ್ಲಿ ಆಟೋ ಓಡಿಸುತ್ತಿದ್ದ. ಆಟೋ ಹಿಂದೆ ದೊಡ್ಡದಾಗಿ ಶಂಕರ್ ನಾಗ್ ಚಿತ್ರ ಬರೆಸಿದ್ದ. ಪೇಂಟರ್ ಅಷ್ಟೇನು ಚೆನ್ನಾಗಿ ಬರೆದಿರಲಿಲ್ಲ, ಆದರೂ ಕೂದಲು ನೋಡಿದರೆ ಯಾರು ಅಂತ ಗೊತ್ತಾಗುತ್ತಿತ್ತು. 1980ರಲ್ಲಿ 'ಆಟೋ ರಾಜ' ಬಂದ ಮೇಲೆ ಕರ್ನಾಟಕದ ಆಟೋದವರಿಗೆಲ್ಲ ಅವನು ಮನೆಯ ಮನುಷ್ಯ ಆಗಿಬಿಟ್ಟಿದ್ದ. ಕಾಕಾ ಹೇಳುತ್ತಿದ್ದ: ಅಲ್ಲಿತನಕ ಖಾಕಿ ಅಂಗಿ ಹಾಕಿಕೊಂಡವನನ್ನು ಜನ ಚಿಲ್ಲರೆ ಜಗಳಕ್ಕೆ ಮಾತ್ರ ನೆನೆಸುತ್ತಿದ್ದರು, ಆ ಪಿಚ್ಚರ್ ಬಂದ ಮೇಲೆ ಕಾಲೇಜು ಹುಡುಗರೂ "ಏನ್ ರಾಜಾ" ಅಂತ ಮಾತಾಡಿಸಿ ಹತ್ತುತ್ತಿದ್ದರು. ಕಾಕಾನಿಗೆ ಅದು ಸಣ್ಣ ಮಾತಾಗಿರಲಿಲ್ಲ. ಶಂಕ್ರಣ್ಣ ಅಂತಲೇ ಕರೆಯುತ್ತಿದ್ದ, ಖಾಸಾ ಅಣ್ಣನಂತೆ.

ಅವತ್ತು ಬೆಳಗ್ಗೆ ಅಪ್ಪ ಒಂದು ಲಾರಿಯ ಟ್ಯೂಬು ನೋಡುತ್ತಿದ್ದ. ನನಗೆ ಆ ಕೆಲಸ ನೋಡುವುದೆಂದರೆ ಬಹಳ ಇಷ್ಟ. ಅರ್ಧ ಕೊಯ್ದ ಡ್ರಮ್ಮಿನಲ್ಲಿ ನೀರು. ಗಾಳಿ ತುಂಬಿದ ಟ್ಯೂಬನ್ನು ಅದರಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ ತಿರುಗಿಸುತ್ತಾ ಹೋಗಬೇಕು. ತೂತು ಇದ್ದ ಕಡೆ ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಅಲ್ಲಿ ಬೆರಳಿಟ್ಟು, ಎತ್ತಿ, ಒರೆಸಿ, ಕಾಪಿಂಗ್ ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತಿದ್ದ. ಆಮೇಲೆ ಕಾನಸಿನಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಒಣಗುವ ತನಕ ಊದುವುದು. ಊದುವ ಕೆಲಸ ನನ್ನದು.

ಆ ಲಾರಿಯ ಕ್ಲೀನರ್ ಹುಡುಗ ಮೊದಲ ತುಂಡು ಹೇಳಿದ. "ದಾವಣಗೆರಿ ಆಚಿಗೆ ಆನಗೋಡ ಹತ್ರ ಕಾರು ಲಾರಿ ಬಡದಾವ್ರಿ. ಕಾರು ಏನೂ ಉಳದಿಲ್ಲ." ಅಪ್ಪ ತಲೆ ಎತ್ತದೆ "ಯಾವ ಊರಿನ ಗಾಡಿ?" ಅಂದ. ಬೆಂಗಳೂರಿನದಂತೆ. ಅಷ್ಟೇ. ಟ್ಯೂಬು ತಿರುಗುತ್ತಲೇ ಇತ್ತು.

ಆಮೇಲೆ ಬಂದ ಲಾರಿಯವನು ನಿಂತಿದ್ದು ಗಾಳಿ ಹೊಡೆಸಲಿಕ್ಕೆ. ಅವನು "ಸಿನಿಮಾದವರಂತ್ರೀ" ಅಂದ. ಯಾರು ಅಂತ ಅವನಿಗೆ ತಿಳಿಯದು, ಪೊಲೀಸರು ನಿಲ್ಲಿಸಿಕೊಡಲಿಲ್ಲವಂತೆ. ಆಗ ಕಾಕಾ ಒಳಗಿನಿಂದ ಹೊರಗೆ ಬಂದ. ಚಹಾದ ಬಸಿ ಕೈಯಲ್ಲೇ ಇತ್ತು.

ಮೂರನೆಯವನು ಹೆಸರು ಹೇಳಿದ. "ಶಂಕರ್ ನಾಗ್ ಅಂತ. ಕಾಲಿಗೆ ಭಾಳ ಪೆಟ್ಟಾಗೇತಂತ." ಕಾಕಾನ ಮುಖ ಒಂದು ಗಳಿಗೆ ಬಿಳಚಿಕೊಂಡಿತು. ಆಮೇಲೆ ತಾನೇ ಧೈರ್ಯ ತಂದುಕೊಂಡು, "ಕಾಲಿಗೆ ಅಲ್ಲೇನು? ಕಾಲಿಗಾದ್ರ ಏನಾಗ್ತದ, ಆರು ತಿಂಗಳ ಪ್ಲಾಸ್ಟರ್" ಅಂದ. ನಮಗೆಲ್ಲ ಅದು ನಿಜ ಅಂತಲೇ ಅನಿಸಿತು. ಪಿಚ್ಚರಿನಲ್ಲಿ ಅಷ್ಟು ಮಂದಿಯನ್ನು ಹೊಡೆದು ಎದ್ದು ಬರುವವನು, ಕರಾಟೆ ಕಿಂಗ್ ಅನ್ನಿಸಿಕೊಂಡವನು, ಕಾರು ಬಡಿದರೆ ಏಳುವುದಿಲ್ಲವಾ?

ಅಲ್ಲಿಂದ ಕಾಕಾ ರಸ್ತೆ ಅಂಚಿಗೇ ನಿಂತುಬಿಟ್ಟ. ಬೆಂಗಳೂರು ಕಡೆಯಿಂದ ಬರುವ ಗಾಡಿಗೆಲ್ಲ ಕೈ ಮಾಡುವುದು, ನಿಂತವರನ್ನು ಕೇಳುವುದು. ಒಬ್ಬ ದವಾಖಾನೆಗೆ ಒಯ್ದಾರೆ ಅಂದ. ಇನ್ನೊಬ್ಬ ಹೆಂಡತಿ ಮಗಳೂ ಕಾರಿನಲ್ಲಿ ಇದ್ದರು ಅಂದ. ಮತ್ತೊಬ್ಬ, ಅವನಲ್ಲ, ಅಣ್ಣ ಅನಂತ್ ನಾಗ್ ಅಂದುಬಿಟ್ಟ. ಸುಳ್ಳು ಹೇಳಬೇಕು ಅಂತ ಯಾರೂ ಹೇಳಿದ್ದಲ್ಲ. ಹರಿಹರದ ಸೇತುವೆ ಹತ್ತಿರ ಚಹಾ ಕುಡಿಯುವಾಗ ಕಿವಿಗೆ ಬಿದ್ದದ್ದನ್ನು ನಮ್ಮೂರಿಗೆ ಬಂದು ಇಳಿಸುತ್ತಿದ್ದರು.

ಕೊನೆಗೆ ದಾವಣಗೆರೆಯಿಂದ ಬಂದ ಸರ್ಕಾರಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲೇ ಜೋತುಬಿದ್ದು ಹೇಳಿದ. "ಹ್ವಾದನಪಾ. ಅಲ್ಲೇ ಹ್ವಾದನಂತ." ಬಸ್ಸು ನಿಲ್ಲಲೂ ಇಲ್ಲ, ಸ್ವಲ್ಪ ನಿಧಾನ ಆಯಿತು ಅಷ್ಟೇ. ಕಂಡಕ್ಟರ್ ಹೇಳಿದ್ದನ್ನು ನಮ್ಮ ರಸ್ತೆಯಲ್ಲಿ ಯಾರೂ ಅನುಮಾನಿಸುತ್ತಿರಲಿಲ್ಲ. ಖಾಕಿ ಹಾಕಿಕೊಂಡವನೇ ಖಾಕಿ ಹಾಕಿಕೊಂಡವನಿಗೆ ಹೇಳಿದ ಹಾಗಾಯಿತು. ಕಾಕಾ ಟೈರುಗಳ ರಾಶಿ ಮೇಲೆ ಕುಳಿತು ಅತ್ತ. ದೊಡ್ಡವರು ಗಟ್ಟಿಯಾಗಿ ಅಳುವುದನ್ನು ನಾನು ಅಜ್ಜಿ ಸತ್ತಾಗ ನೋಡಿದ್ದೆ. ಹೊರಗಿನವರಿಗಾಗಿ ಅಳುವುದನ್ನು ಅವತ್ತೇ ಮೊದಲು ನೋಡಿದ್ದು. ಅಮ್ಮ ಬಂದು ಸಮಾಧಾನ ಮಾಡಲಿಲ್ಲ. ತಾನೂ ಬಾಗಿಲಿಗೆ ಒರಗಿ ಸುಮ್ನೆ ನಿಂತಳು.

ಆ ದಿನದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಿರುವವನು ಕಾಕಾನೂ ಅಲ್ಲ. ಮಧ್ಯಾಹ್ನ ಬಂದ ಒಬ್ಬ ವಯಸ್ಸಾದ ಲಾರಿ ಡ್ರೈವರ್. ಬ್ಯಾಡಗಿಗೆ ಹೋಗುವವನು. ಪಂಕ್ಚರ್ ಏನೂ ಇರಲಿಲ್ಲ. ಗಾಡಿ ಬದಿಗೆ ಹಾಕಿ, ಇಳಿದು ಬಂದು, ಅಪ್ಪನ ಹತ್ತಿರ ನೀರು ಕೇಳಿದ. ಕುಡಿದು, ಉಳಿದ ನೀರು ಮುಖಕ್ಕೆ ಹಾಕಿಕೊಂಡು, "ನಮ್ಮ ಲಾರಿನ ಆಗಬೇಕಿತ್ತೇನು" ಅಂದ. ಅವನ ಲಾರಿ ಅಲ್ಲ ಅದು. ಅವನು ಆ ಹೊತ್ತಿಗೆ ಆನಗೋಡಿನ ಹತ್ತಿರವೂ ಇರಲಿಲ್ಲ. ಆದರೆ ಲಾರಿ ಅನ್ನುವ ಜಾತಿಗೇ ಆ ಸಾವು ಅಂಟಿಕೊಂಡ ಹಾಗೆ ಅವನು ತಲೆ ತಗ್ಗಿಸಿದ್ದ. ದಾರಿಯಲ್ಲಿ ಒಂದೂರಲ್ಲಿ ಹುಡುಗರು ತನ್ನ ಲಾರಿ ನೋಡಿ ಕೂಗಾಡಿದರು ಅಂತ ಹೇಳಿದ. ಸಿಟ್ಟಿಲ್ಲದೆ ಹೇಳಿದ. ಅಪ್ಪ ಅವನ ಹೆಗಲ ಮೇಲೆ ಕೈ ಇಟ್ಟು ಅಂಗಡಿಯ ಒಳಗೆ ಕೂರಿಸಿದ. ಆಮೇಲೆ ಏನೂ ಕೇಳದೆ ಹೋಗಿ ಅವನ ಲಾರಿಯ ಹಿಂದಿನ ಲೈಟು ಹತ್ತುತ್ತದೋ ಇಲ್ಲವೋ ನೋಡಿಬಂದ. ಒಂದು ಹತ್ತುತ್ತಿರಲಿಲ್ಲ. ಪೇಟೆಗೆ ಆಳು ಕಳಿಸಿ ಬಲ್ಬ್ ತರಿಸಿ ಹಾಕಿದ.

ಅದು ಅಪ್ಪನಿಗೆ ಚಟವೇ ಆಯಿತು. ಅವತ್ತಿನಿಂದ ಅಂಗಡಿಯಲ್ಲಿ ಹಿಂದಿನ ಲೈಟಿನ ಬಲ್ಬುಗಳ ಒಂದು ಡಬ್ಬಿ ಯಾವಾಗಲೂ ಇರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಬಂದ ಲಾರಿಗೆ ಹಿಂದೆ ಲೈಟು ಇಲ್ಲದಿದ್ದರೆ ಟೈರು ಕೈಗೆ ಕೊಡುತ್ತಿರಲಿಲ್ಲ. "ಮೊದಲ ದೀಪ ಹಾಕ್ಸು, ಆಮ್ಯಾಲ ಗಾಲಿ" ಅನ್ನುತ್ತಿದ್ದ. ಬೈದು ಹೋದವರೂ ಇದ್ದರು.

ಸಂಜೆ ರೇಡಿಯೋ ಹಚ್ಚಿದೆವು. ಧಾರವಾಡ ಸ್ಟೇಷನ್. ವಾರ್ತೆಯಲ್ಲಿ ಹೇಳಿದರು. ಆಗಲೇ ಗೊತ್ತಿದ್ದ ಸುದ್ದಿಯೇ. ಆದರೂ ರೇಡಿಯೋದ ದನಿಯಲ್ಲಿ ಕೇಳಿದಾಗ ಬೇರೆ ಥರ ತಟ್ಟಿತು, ಇನ್ನು ಬದಲಾಗುವುದಿಲ್ಲ ಅನ್ನುವ ಹಾಗೆ. ಲಾರಿಯವರ ಮಾತಿನಲ್ಲಿ ಇನ್ನೊಬ್ಬ ಬಂದು ಬೇರೆ ಹೇಳಬಹುದು ಅನ್ನುವ ಆಸೆ ಇರುತ್ತಿತ್ತು, ಅಲ್ವಾ?

ಮರುದಿನ ಸಂಯುಕ್ತ ಕರ್ನಾಟಕ ಬಂತು. ಅಪ್ಪ ಓದಿ ಹೇಳಿದ. ಲೋಕಾಪುರದಲ್ಲಿ ಶೂಟಿಂಗ್ ಇತ್ತು, ಅಲ್ಲಿಗೆ ಹೊರಟಿದ್ದ. ವಯಸ್ಸು ಇನ್ನೂ 35. ಹೆಂಡತಿ ಅರುಂಧತಿ, ಮಗಳು ಕಾವ್ಯ ಬದುಕಿದ್ದಾರೆ. ಲೋಕಾಪುರ ಎಲ್ಲಿ ಅಂತ ನಾನು ಕೇಳಿದೆ. ಮುಧೋಳದ ಕಡೆ ಅಂದ ಅಪ್ಪ. ಆಮೇಲೆ ನೆಲದ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು ಊರು ಹೇಳುತ್ತಾ ಹೋದ. ದಾವಣಗೆರಿ, ಹರಿಹರ, ರಾಣೆಬೆನ್ನೂರ, ಹಾವೇರಿ, ಬಂಕಾಪುರ, ಶಿಗ್ಗಾವಿ, ಹುಬ್ಬಳ್ಳಿ. ಮುಂದೆ ಹೇಳಲಿಲ್ಲ. ಪೆನ್ಸಿಲ್ ನಮ್ಮ ಊರಿಗೆ ವಾಪಸ್ ತಂದು ಇಟ್ಟ. "ನಮ್ಮ ಅಂಗಡಿ ಮುಂದ ಹಾಯ್ದ ಹೋಗ್ತಿದ್ದ."

ಇದು ನನ್ನನ್ನು ಬಹಳ ವರ್ಷ ಬಿಡಲಿಲ್ಲ. ಅವನು ಬೆಂಗಳೂರಿನಲ್ಲಿ ಸತ್ತಿದ್ದರೆ ಅದು ಬೆಂಗಳೂರಿನ ಸಾವು ಆಗುತ್ತಿತ್ತು. ಅವನು ನಮ್ಮ ಕಡೆಗೆ ಬರುತ್ತಾ ಸತ್ತ. ಆನಗೋಡಿನಿಂದ ನಮ್ಮೂರು ಆಗಿನ ರಸ್ತೆಯಲ್ಲೂ ಗಾಡಿಗೆ ಬಹಳ ಹೊತ್ತಿನ ದಾರಿ ಅಲ್ಲ. ನಾನು ಅಂಗಡಿ ಮುಂದೆ ಕಸ ಹೊಡೆಯುವ ಹೊತ್ತಿಗೆ ಒಂದು ಕಾರು ಸುಂಯ್ ಅಂತ ದಾಟಿ ಹೋಗುತ್ತಿತ್ತು. ಯಾರದು ಅಂತ ನೋಡುತ್ತಲೂ ಇರಲಿಲ್ಲ. ಶಂಕರ್ ನಾಗ್ ನಮ್ಮ ಮನೆ ಮುಂದೆ ಹೋದ ಅಂತ ನಮಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ಹಾಗೆ ತಿಳಿಯದೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಕಾಕಾ ಅವತ್ತು ರಾತ್ರಿಯೇ ಹುಬ್ಬಳ್ಳಿಗೆ ಹೋದ. ಅವನ ಸ್ಟ್ಯಾಂಡಿನಲ್ಲಿ ಮರುದಿನ ಯಾರೂ ಗಾಡಿ ಎತ್ತಲಿಲ್ಲವಂತೆ. ಒಂದು ಸ್ಟೂಲಿನ ಮೇಲೆ ಫೋಟೋ, ಊದಿನಕಡ್ಡಿ, ಎಲ್ಲರ ಆಟೋದ ಕನ್ನಡಿಗೂ ಕಪ್ಪು ಬಟ್ಟೆ. ಆಮೇಲೆ ಕಾಕಾ ಆಟೋ ಬದಲಿಸಿದರೂ ಹಿಂದಿನ ಚಿತ್ರ ಬದಲಿಸಲಿಲ್ಲ. ಹುಬ್ಬಳ್ಳಿಯಲ್ಲಿ ಇವತ್ತಿಗೂ ಶಂಕರ್ ನಾಗ್ ಇರುವ ಆಟೋ ಕಾಣುತ್ತವೆ. ಓಡಿಸುವ ಹುಡುಗರು ಅವನು ಹೋದ ಎಷ್ಟೋ ವರ್ಷದ ಮೇಲೆ ಹುಟ್ಟಿದವರು.

ದೊಡ್ಡವಳಾದ ಮೇಲೆ ಅವನ ಬಗ್ಗೆ ಉಳಿದದ್ದು ತಿಳಿಯಿತು. ಊರು ಹೊನ್ನಾವರ. 1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಮೂಲಕ ಬಂದವನು. ಅಲ್ಲಿಂದ ಸಾಯುವತನಕ ಹನ್ನೆರಡೇ ವರ್ಷ. ಅಷ್ಟರಲ್ಲಿ ನಟನೆ, ನಿರ್ದೇಶನ, ನಾಟಕ, ರೆಕಾರ್ಡಿಂಗ್ ಸ್ಟುಡಿಯೋ, ಬೆಂಗಳೂರಿಗೆ ಮೆಟ್ರೋ ಬೇಕು ಅನ್ನುವ ಕನಸು. ನಾವು ಪಕ್ಕದ ಮನೆಯ ಟಿ.ವಿ.ಯಲ್ಲಿ ಅರ್ಧ ಅರ್ಧ ತಿಳಿಯುವ ಹಿಂದಿಯಲ್ಲಿ ನೋಡುತ್ತಿದ್ದ 'ಮಾಲ್ಗುಡಿ ಡೇಸ್' ಕೂಡ ಅವನು ಆಗುಂಬೆಯಲ್ಲಿ ತೆಗೆದದ್ದು ಅಂತ ತಿಳಿದಾಗ ನನಗೆ ಹೊಸದಾಗಿ ಸಂಕಟ ಆಯಿತು. ಆ ಸ್ವಾಮಿ ನಮಗೆ ನಮ್ಮ ಓಣಿಯ ಹುಡುಗನೇ ಆಗಿದ್ದ. ಇನ್ನು ಕುಡಿದು ಕಾರು ಓಡಿಸುವವರ ಮೇಲೆ 'ಆಕ್ಸಿಡೆಂಟ್' ಅಂತಲೇ ಒಂದು ಸಿನಿಮಾ ಮಾಡಿದ್ದ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಅದನ್ನು ನೋಡಲು ನನ್ನಿಂದ ಈವರೆಗೂ ಆಗಿಲ್ಲ.

ಮುಂದಿನ ಬೇಸಿಗೆಯಲ್ಲಿ, 1991ರ ಮೇ 21ರ ರಾತ್ರಿ, ರಾಜೀವ್ ಗಾಂಧಿ ಹತ್ಯೆ ಆಯಿತು. ಬೆಳಗ್ಗೆ ರೇಡಿಯೋದಲ್ಲೇ ಪೂರ್ತಿ ಬಂತು. ರಸ್ತೆ ಖಾಲಿ. ಒಂದು ಲಾರಿಯೂ ಇಲ್ಲ, ಕೇಳಲಿಕ್ಕೂ ಯಾರೂ ಇಲ್ಲ, ಹೇಳಲಿಕ್ಕೂ ಯಾರೂ ಇಲ್ಲ. ಭಯ ಆಗಿತ್ತು. ಆದರೆ ಟೈರಿನ ರಾಶಿ ಮೇಲೆ ಕುಳಿತು ಯಾರೂ ಅಳಲಿಲ್ಲ. 2021ರಲ್ಲಿ ಪುನೀತ್ ಹೋದಾಗ ನನ್ನ ಮಗಳು ಮೊಬೈಲ್ ಹಿಡಿದುಕೊಂಡೇ ಅಡುಗೆಮನೆಗೆ ಓಡಿ ಬಂದಳು. ಕಾಕಾನಿಗೆ ಫೋನ್ ಮಾಡಿದೆ. ಅವನಿಗೆ ಆಗಲೇ ಗೊತ್ತಾಗಿತ್ತು. "ನಮ್ಮ ಶಂಕ್ರಣ್ಣಗಿಂತ ಹತ್ತು ಹನ್ನೊಂದು ವರ್ಷ ಜಾಸ್ತಿ ಬಾಳಿದ ನೋಡು, ಅದೂ ಕಡಿಮಿನ" ಅಂದ. ಯಾರು ಹೋದರೂ ಅವನ ಲೆಕ್ಕ ಅಲ್ಲಿಂದಲೇ ಶುರು.

ನಾಲ್ಕು ಲೇನಿನ ರಸ್ತೆ ಬಂದು, ಅದು ಊರ ಹೊರಗಿನಿಂದ ಹೋದ ಮೇಲೆ ಅಪ್ಪನ ಅಂಗಡಿಗೆ ಲಾರಿಗಳು ಬರುವುದು ನಿಂತಿತು. ಅಪ್ಪನೂ ಈಗ ಇಲ್ಲ. ಅಂಗಡಿ ಖಾಲಿ ಮಾಡುವಾಗ ಬಲ್ಬಿನ ಡಬ್ಬಿ ಸಿಕ್ಕಿತ್ತು, ಅರ್ಧ ತುಂಬಿತ್ತು. ಅದನ್ನು ಬೈಪಾಸಿನ ಹೊಸ ಪಂಕ್ಚರ್ ಅಂಗಡಿಯ ಹುಡುಗನಿಗೆ ಕೊಟ್ಟೆವು.

ಹಾವೇರಿ, ಬಂಕಾಪುರ, ಶಿಗ್ಗಾವಿ ಕಡೆಯವರು ಇದನ್ನು ಓದಿದರೆ ಒಂದು ಮಾತು ಕೇಳಬೇಕು ಅಂತ ಇದೆ. ಆ ರವಿವಾರ ನಿಮ್ಮೂರಿಗೆ ಸುದ್ದಿ ಎಷ್ಟು ಹೊತ್ತಿಗೆ ಬಂತು? ಯಾರು ತಂದರು? ನಮ್ಮ ಅಂಗಡಿಯಿಂದ ಮುಂದೆ ಹೋದ ಗಾಡಿಗಳು ನಿಮಗೆ ಏನಂತ ಹೇಳಿದವು? ಆ ಬ್ಯಾಡಗಿ ಲಾರಿಯ ಡ್ರೈವರ್ ಮೋಟೆಬೆನ್ನೂರಿನಲ್ಲಿ ಎಲ್ಲಾದರೂ ಮತ್ತೆ ನಿಂತಿದ್ದನಾ, ಅವನಿಗೆ ಯಾರಾದರೂ ಎರಡು ತುತ್ತು ಊಟ ಹಾಕಿದರಾ ಅಂತಲೂ ತಿಳಿಯಬೇಕು.