ಅಡಿಕೆ ಸುಲಿಯುವ ಕೈಗಳ ವಯಸ್ಸು

ತೀರ್ಥಹಳ್ಳಿ ಸೀಮೆಯ ನಮ್ಮೂರಿನಲ್ಲಿ ದೀಪಾವಳಿ ಕಳೆಯುತ್ತಿದ್ದಂತೆ ಅಂಗಳದಲ್ಲಿ ಚಪ್ಪರ ಏಳುತ್ತದೆ, ತೋಟದಿಂದ ಹಸಿ ಅಡಿಕೆಯ ಕೊನೆಗಳು (ಗೊಂಚಲುಗಳು) ಬಂದು ರಾಶಿ ಬೀಳುತ್ತವೆ, ಸಂಜೆಯ ಹೊತ್ತಿಗೆ ಸುಲಿಯುವ ಹೆಂಗಸರು ತಂತಮ್ಮ ಮೆಟ್ಟುಗತ್ತಿಯೊಂದಿಗೆ ಬಂದು ಕೂರುತ್ತಾರೆ. ಮಣೆಯ ಮೇಲೆ ನೆಟ್ಟಗೆ ನಿಂತ ಅಲಗಿಗೆ ಅಡಿಕೆಯನ್ನು ಎರಡೂ ಕೈಯಿಂದ ಒತ್ತಿ, ಸಿಪ್ಪೆಯನ್ನು ಹೊರಕ್ಕೆ ತಿರುಚಿ ಎಳೆದು, ಬೇಳೆಯನ್ನು ಬುಟ್ಟಿಗೆ ಹಾಕುವ ಈ ಕೆಲಸವನ್ನು ಅವರು ನೋಡದೆಯೇ ಮಾಡಬಲ್ಲರು. ಕೂಲಿ ಸುಲಿದ ಅಳತೆಯ ಮೇಲೆ ಸಿಗುವುದರಿಂದ ಕೈ ನಿಲ್ಲುವುದಿಲ್ಲ. ಚೊಗರಿನಿಂದ ಕಪ್ಪಾದ ಬೆರಳುಗಳಿಗೆ ಹಳೆಯ ಸೀರೆಯ ಚೂರನ್ನೋ ಸೈಕಲ್ ಟ್ಯೂಬಿನ ತುಂಡನ್ನೋ ಸುತ್ತಿಕೊಂಡು, ನಿದ್ದೆ ತೂಗಿದಾಗ ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆಯ ಒಂದು ಕವಳ ಹಾಕಿಕೊಂಡು, ನಡುರಾತ್ರಿ ದಾಟುವವರೆಗೂ ಸುಲಿಯುತ್ತಾರೆ. ಈಚೆಗೆ ಸುಲಿಯುವ ಯಂತ್ರಗಳು ಬಂದಿವೆಯಾದರೂ ಸಣ್ಣ ತೋಟದವರ ಅಂಗಳದಲ್ಲಿ ಮೆಟ್ಟುಗತ್ತಿ ಇನ್ನೂ ಹೋಗಿಲ್ಲ.

ಆ ಅಂಗಳದಲ್ಲೇ ಬೆಳೆದ ನಾನು ಈಗ ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಗಾಯಗೊಂಡು ಶಸ್ತ್ರಚಿಕಿತ್ಸೆಯಾದ ಕೈಗಳಿಗೆ ಮತ್ತೆ ಕೆಲಸ ಕಲಿಸುವುದು ನನ್ನ ವೃತ್ತಿ. ಎರಡು ವರ್ಷದ ಹಿಂದೆ ನಮ್ಮೂರಿನ 58 ವರ್ಷದ ಹೆಂಗಸೊಬ್ಬರು ನನ್ನ ಬಳಿಗೆ ಬಂದರು. ನಾನು ಹುಡುಗಿಯಾಗಿದ್ದಾಗಿನಿಂದ ನಮ್ಮ ಮನೆಯಲ್ಲಿ ಸುಲಿದವರು ಅವರು. ಅದಕ್ಕೂ ಹತ್ತು ವಾರ ಮೊದಲು ಒಂದು ರಾತ್ರಿ ಅಡಿಕೆ ಜಾರಿ ಎಡಗೈಯ ತೋರುಬೆರಳಿನ ಬುಡ ಅಲಗಿಗೆ ಸಿಕ್ಕಿತ್ತು. ಯಾರೋ ಕಾಫಿಪುಡಿ ಮೆತ್ತಿ ರಕ್ತ ನಿಲ್ಲಿಸಿದ್ದರು. ಮಾರನೆಯ ಬೆಳಿಗ್ಗೆ ಹೋದ ಆಸ್ಪತ್ರೆಯಲ್ಲಿ ಗಾಯ ತೊಳೆದು, ನಾಲ್ಕು ಹೊಲಿಗೆ ಹಾಕಿ, ಸೂಜಿಮದ್ದು ಕೊಟ್ಟು ಕಳುಹಿಸಿದ್ದರು. ಹೊಲಿಗೆ ಬಿಚ್ಚಿದಾಗ ಬೆರಳು ಮಡಚುತ್ತಿಲ್ಲವೆಂದು ಅವರು ಹೇಳಿದ್ದಕ್ಕೆ, ಆಡಿಸುತ್ತಾ ಇರಿ, ಸರಿಹೋಗುತ್ತದೆ ಎಂಬ ಉತ್ತರ ಬಂದಿತ್ತು. ಸುಗ್ಗಿ ಮುಗಿಯುವವರೆಗೆ ಅವರು ಆಡಿಸುತ್ತಲೇ ಇದ್ದರು.

ನಾನು ಆ ಬೆರಳಿನ ನಡುಗೆಣ್ಣನ್ನು ಅಲುಗದಂತೆ ಹಿಡಿದು ತುದಿಯನ್ನಷ್ಟೇ ಬಗ್ಗಿಸಲು ಹೇಳಿದೆ. ಮೊಣಕೈಯ ಕೆಳಗಿನ ಮಾಂಸಖಂಡ ಬಿಗಿಯಿತು, ಉಳಿದ ಬೆರಳುಗಳು ಅಂಗೈಯ ಕಡೆಗೆ ಬಂದವು, ಈ ಬೆರಳಿನ ತುದಿ ಮಾತ್ರ ಅಲುಗಲಿಲ್ಲ. ಹತ್ತಿಯ ಎಳೆಯಿಂದ ಮುಟ್ಟಿದಾಗ ಹೆಬ್ಬೆರಳಿನ ಕಡೆಯ ಪಕ್ಕಕ್ಕೆ ಸ್ಪರ್ಶವೂ ಇರಲಿಲ್ಲ. ಬೆರಳನ್ನು ಮಡಚುವ ಎರಡು ಸ್ನಾಯುರಜ್ಜುಗಳೂ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಗಳು) ಒಂದು ನರವೂ ಅಂದೇ ಕತ್ತರಿಸಿ ಹೋಗಿದ್ದವು, ಹೊಲಿದದ್ದು ಚರ್ಮವನ್ನು ಮಾತ್ರ. ನಾನು ಮಾಡಿದ ಈ ಪರೀಕ್ಷೆಗೆ ಬೇಕಾದದ್ದು ಅರ್ಧ ನಿಮಿಷ, ಉಪಕರಣ ಯಾವುದೂ ಬೇಡ.

ಬೆರಳಿನ ಬುಡದಿಂದ ನಡುಗೆಣ್ಣಿನವರೆಗೆ ಈ ಎರಡು ರಜ್ಜುಗಳು ಒಂದೇ ಕಿರಿದಾದ ಕೊಳವೆಯಲ್ಲಿ ಒಂದರ ಮೇಲೊಂದು ಜಾರುತ್ತವೆ. ಅಲ್ಲಿ ಹೊಲಿದ ರಜ್ಜು ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡುಬಿಡುವುದರಿಂದ, ಆ ಭಾಗವನ್ನು ಶಸ್ತ್ರವೈದ್ಯರು ಬಹುಕಾಲ ಯಾರೂ ಕಾಲಿಡದ ನೆಲವೆಂದು ಕರೆಯುತ್ತಿದ್ದರು. ಹೊಲಿದ ನಂತರ ಬೆರಳನ್ನು ಕಟ್ಟಿ ಇಡದೆ, ರಬ್ಬರ್ ಎಳೆಯ ಸಹಾಯದಿಂದ ಮೊದಲ ದಿನಗಳಿಂದಲೇ ಮಿತವಾಗಿ ಚಲಿಸುವಂತೆ ಮಾಡಿದರೆ ಅಲ್ಲಿಯೂ ಒಳ್ಳೆಯ ಫಲ ಸಿಗುತ್ತದೆಂದು ಅಮೆರಿಕದ ಹೆರಾಲ್ಡ್ ಕ್ಲೈನರ್ಟ್ 1967ರಲ್ಲಿ ತೋರಿಸಿಕೊಟ್ಟರು. ಆದರೆ ಇದು ಮೊದಲ ಎರಡು ವಾರಗಳೊಳಗೆ ಬಂದವರ ಭಾಗ್ಯ. ತಡವಾದಂತೆ ಕತ್ತರಿಸಿದ ತುದಿ ಅಂಗೈಯೊಳಕ್ಕೆ ಸರಿದು ಗಿಡ್ಡವಾಗುತ್ತದೆ, ಖಾಲಿಯಾದ ಕೊಳವೆ ಕುಗ್ಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಇವರಿಗೆ ಎರಡು ಶಸ್ತ್ರಚಿಕಿತ್ಸೆ ಬೇಕಾಯಿತು. ಮೊದಲನೆಯದರಲ್ಲಿ ಒಂದು ಸಿಲಿಕೋನ್ ಕಡ್ಡಿಯನ್ನು ಬೆರಳಿನೊಳಗೆ ಇಟ್ಟು, ಅದರ ಸುತ್ತ ನುಣುಪಾದ ಹೊಸ ಪೊರೆ ಬೆಳೆಯಲು ಮೂರು ತಿಂಗಳು ಕಾದರು. ಎರಡನೆಯದರಲ್ಲಿ ಕಡ್ಡಿಯನ್ನು ತೆಗೆದು, ಮುಂಗೈಯಿಂದ ತೆಗೆದ ರಜ್ಜುವನ್ನು ಆ ಹಾದಿಯಲ್ಲಿ ಎಳೆದು ಕಟ್ಟಿದರು. ಹೆಬ್ಬೆರಳು ಮತ್ತು ಕಿರುಬೆರಳನ್ನು ಜೋಡಿಸಿ ಮಣಿಕಟ್ಟನ್ನು ಸ್ವಲ್ಪ ಬಗ್ಗಿಸಿದರೆ ಮಧ್ಯದಲ್ಲಿ ದಾರದಂತೆ ಎದ್ದು ನಿಲ್ಲುವುದೇ ಆ ರಜ್ಜು. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇದ್ದವರಿಗೆ ಅದನ್ನು ತೆಗೆದರೂ ನಷ್ಟವಿಲ್ಲ.

ನರದ ಕತೆ ಇನ್ನೂ ಕಠಿಣ. ಕತ್ತರಿಸಿದ ನರವನ್ನು ಜೋಡಿಸಿದ ಮೇಲೆ ಅದರ ಎಳೆಗಳು ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತವೆ, ಅಂದರೆ ಬೆರಳಿನ ಬುಡದಿಂದ ತುದಿ ತಲುಪಲು ಹೆಚ್ಚುಕಡಿಮೆ ಮೂರು ತಿಂಗಳು. ವಯಸ್ಸಾದವರಲ್ಲಿ ಈ ಬೆಳವಣಿಗೆ ಕುಂದುತ್ತದೆಂಬುದು ನಮಗೆಲ್ಲ ಅನುಭವದಿಂದ ಗೊತ್ತಿತ್ತು. ಕಾರಣವನ್ನು ಹುಡುಕುತ್ತಾ ಹೋದಾಗಲೇ ನಾನು ಜೀವಕೋಶಗಳ ಮುಪ್ಪಿನ ಕುರಿತ ಸಂಶೋಧನೆಗಳನ್ನು ಓದತೊಡಗಿದ್ದು.

ಮನುಷ್ಯನ ಚರ್ಮ ಮುಂತಾದ ಅಂಗಾಂಶಗಳ ಕೋಶಗಳು ಕೊನೆಯಿಲ್ಲದೆ ವಿಭಜನೆಯಾಗುವುದಿಲ್ಲ, ಸುಮಾರು 50 ಸಲದ ನಂತರ ನಿಂತುಬಿಡುತ್ತವೆ ಎಂದು ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ಪ್ರಕಟಿಸಿದರು. ಹೀಗೆ ನಿಂತ ಕೋಶ ಸಾಯುವುದಿಲ್ಲ. ಅದು ತನ್ನ ಜಾಗದಲ್ಲೇ ಉಳಿದು, ಉರಿಯೂತ ಹುಟ್ಟಿಸುವ ರಸಗಳನ್ನು ಸುತ್ತಲೂ ಸ್ರವಿಸುತ್ತಾ, ಪಕ್ಕದ ಕೋಶಗಳನ್ನೂ ಮುಪ್ಪಿಗೆ ತಳ್ಳುತ್ತದೆ. ಕೊಳೆರೋಗ ಬಿದ್ದ ಒಂದು ಕಾಯಿಯಿಂದ ಇಡೀ ಕೊನೆಗೆ ಕೊಳೆ ಹಬ್ಬುವುದನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಕೋಶಗಳು ಬರೀ ಕೇಡಿಗಲ್ಲ. ಹೊಸ ಗಾಯದಲ್ಲಿ ಕೆಲವೇ ದಿನಗಳೊಳಗೆ ಇಂತಹವು ಕಾಣಿಸಿಕೊಂಡು ಗಾಯ ಮುಚ್ಚಲು ನೆರವಾಗುತ್ತವೆ, ಅವನ್ನು ತೆಗೆದುಹಾಕಿದ ಇಲಿಗಳಲ್ಲಿ ಗಾಯ ತಡವಾಗಿ ಮಾಯುತ್ತದೆ ಎಂದು 2014ರಲ್ಲಿ ತಿಳಿದುಬಂತು. ಬಂದು ಕೆಲಸ ಮುಗಿಸಿ ಹೋಗಬೇಕಾದವು ಹೋಗದೆ ಉಳಿದಾಗಲೇ ತೊಂದರೆ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಚಿಲಿ ದೇಶದ ಸಂಶೋಧಕರು ಇಲಿಗಳ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ. ನರದ ಎಳೆಗಳಿಗೆ ದಾರಿ ತೋರಿಸಿ ಪೋಷಿಸುವ ಶ್ವಾನ್ ಕೋಶಗಳು ವಯಸ್ಸಾದ ಇಲಿಗಳಲ್ಲಿ ಮಾತ್ರವಲ್ಲ, ನರ ಕತ್ತರಿಸಿ ಬಹುಕಾಲ ಹಾಗೆಯೇ ಬಿಟ್ಟ ಇಲಿಗಳಲ್ಲಿಯೂ ಮುಪ್ಪಾಗಿ, ಎಳೆಗಳ ಬೆಳವಣಿಗೆಯನ್ನೇ ತಡೆಯುತ್ತವೆಂದು ಅವರು ಕಂಡರು. ಆ ಕೋಶಗಳನ್ನು ನಿವಾರಿಸಿದಾಗ ಎಳೆಗಳು ಮತ್ತೆ ಚೆನ್ನಾಗಿ ಬೆಳೆದವು. ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ನೇರವಾಗಿ ಹೊಂದಿಸಲಾಗದು, ಸರಿ. ಆದರೂ ನನಗೆ ಇದರಿಂದ ಒಂದು ವಿಷಯ ಮನದಟ್ಟಾಯಿತು. ನಮ್ಮ ಹೆಂಗಸರಿಗೆ ವಯಸ್ಸಾಯಿತು, ಇನ್ನು ಇಷ್ಟೇ ಎಂದು ನಾವು ಕೈಚೆಲ್ಲುವ ಗಾಯಗಳಲ್ಲಿ ಆ ವಯಸ್ಸಿನ ಒಂದು ಪಾಲನ್ನು ತಂದು ಹಾಕುವುದು ಚಿಕಿತ್ಸೆಯ ವಿಳಂಬವೇ ಇರಬಹುದು. ಕಾಯಿಸಿದ ಪ್ರತಿ ವಾರವೂ ಆ ಬೆರಳಿನ ಕೋಶಗಳನ್ನು ಅವರ 58ಕ್ಕಿಂತ ಮುಂದಕ್ಕೆ ದೂಡಿರಬಹುದು.

ಕವಳದ ಮಾತನ್ನೂ ಇಲ್ಲಿ ಆಡಲೇಬೇಕು. ಹೊಗೆಸೊಪ್ಪಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ, ಬೆರಳು ಮರುಜೋಡಿಸಿದವರಿಗೂ ಚರ್ಮ ಕಸಿ ಮಾಡಿಸಿಕೊಂಡವರಿಗೂ ಶಸ್ತ್ರವೈದ್ಯರು ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತಾರೆ. ನನ್ನ ರೋಗಿಗೆ ಅದನ್ನು ಬಿಡುವುದು ವ್ಯಾಯಾಮಕ್ಕಿಂತಲೂ ಕಷ್ಟವಾಯಿತು. ಮೂವತ್ತು ಸುಗ್ಗಿಗಳ ನಿದ್ದೆಯನ್ನು ತಡೆದದ್ದು ಅದೇ ಅಲ್ಲವೇ.

ಆ ಮೊದಲ ಆಸ್ಪತ್ರೆಯ ಚೀಟಿಯನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಅದರಲ್ಲಿ ಉದ್ಯೋಗ ಎಂಬಲ್ಲಿ ಗೃಹಿಣಿ ಎಂದು ಬರೆದಿತ್ತು. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕ ಬರೆದು, ನಿಮ್ಮ ಕಸುಬು ಏನು ಎಂಬ ಪ್ರಶ್ನೆಯನ್ನು ರೋಗಿಗೆ ಕೇಳಲೇಬೇಕೆಂದು ವೈದ್ಯರಿಗೆ ಹೇಳಿದ್ದರು. ಆ ಪ್ರಶ್ನೆಯನ್ನು ಕೇಳಿದ್ದರೆ, ಒತ್ತಿ ಎಳೆಯುವ ಕೆಲಸದಲ್ಲಿ ಅಲಗು ಎಷ್ಟು ಆಳಕ್ಕೆ ಇಳಿದಿರಬಹುದೆಂಬುದು ಹೊಳೆಯುತ್ತಿತ್ತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30, ಇಡೀ ತೋರುಬೆರಳು ಹೋದರೆ ಶೇ. 14 ನಷ್ಟವೆಂದು ಎಣಿಸಲಾಗಿತ್ತು. ಅಂಗವಿದ್ದೂ ಅದರ ಉಪಯೋಗ ಪೂರ್ತಿಯಾಗಿ, ಶಾಶ್ವತವಾಗಿ ಹೋದರೆ ಅಂಗವೇ ಹೋದಂತೆ ಎಂಬ ಟಿಪ್ಪಣಿಯೂ ಅದರಲ್ಲಿತ್ತು. ಹಾಜರಿ ಪುಸ್ತಕವಿಲ್ಲದ, ಅಂಗಳದಿಂದ ಅಂಗಳಕ್ಕೆ ಹೋಗುವ ಸುಲಿಯುವವರ ಪರವಾಗಿ ಆ ಲೆಕ್ಕವನ್ನು ಯಾರೂ ಹಾಕಿದ್ದನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ. ಇದರಲ್ಲಿ ನಮ್ಮಂತಹ ತೋಟದ ಮನೆಯವರ ಹೊಣೆ ದೊಡ್ಡದು.

ಕಳೆದ ಸುಗ್ಗಿಯಲ್ಲಿ ನಾನು ಚಪ್ಪರದಡಿ ಕುಳಿತು ಎಲ್ಲರಿಗೂ ಬೆರಳ ತುದಿ ಬಗ್ಗಿಸಿ ನೋಡುವ ಆ ಪರೀಕ್ಷೆಯನ್ನು ಕಲಿಸಿದೆ. ಗಾಯಕ್ಕೆ ಕಾಫಿಪುಡಿ, ಸುಣ್ಣ, ಅರಿಶಿನ ಮೆತ್ತದೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎತ್ತರದಲ್ಲಿ ಇಡಬೇಕು. ತುದಿ ಬಗ್ಗದಿದ್ದರೆ ಅಥವಾ ಜೋಮು ಹಿಡಿದಂತಿದ್ದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಬೆರಳು ತುಂಡಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಬೇಕೇ ಹೊರತು ತುಂಡಿಗೆ ಮಂಜುಗಡ್ಡೆ ತಾಗಬಾರದು. ನನ್ನ ರೋಗಿಯೂ ಅಲ್ಲಿದ್ದರು. ಈಗ ಅವರು ಸುಲಿಯುವುದಿಲ್ಲ, ಒಣಗಿದ ಅಡಿಕೆಯನ್ನು ಆರಿಸುತ್ತಾರೆ. ಬೆರಳನ್ನು ಪೂರ್ತಿ ಮಡಚಿದಾಗ ತುದಿಗೂ ಅಂಗೈಗೂ ನಡುವೆ ಮೊದಲ ದಿನ 6 ಸೆಂ.ಮೀ. ಅಂತರವಿತ್ತು. ಅಂದು ರಾತ್ರಿ ಎಲ್ಲರ ಎದುರಿಗೆ ಅಳೆದಾಗ ಅದು 2 ಸೆಂ.ಮೀ. ಇತ್ತು, ಮತ್ತು ಹೆಬ್ಬೆರಳಿನ ಕಡೆಯ ಪಕ್ಕವನ್ನು ನಾನು ಹತ್ತಿಯಿಂದ ಮುಟ್ಟಿದ್ದು ಅವರಿಗೆ ಕಣ್ಣು ಮುಚ್ಚಿದ್ದಾಗಲೂ ಗೊತ್ತಾಯಿತು.