ರಕ್ತ ಕೊಡುವವರೇ, ಫೆರಿಟಿನ್ (ಮೈಯಲ್ಲಿ ದಾಸ್ತಾನಿರುವ ಕಬ್ಬಿಣ ತೋರಿಸುವ ರಕ್ತಪರೀಕ್ಷೆ) ಒಮ್ಮೆ ನೋಡಿಸಿಕೊಳ್ಳಿ

ರಕ್ತ ಕೊಟ್ಟರೆ ಹಳೇ ರಕ್ತ ಹೋಗಿ ಹೊಸದು ಬರುತ್ತದೆ, ಹಾರ್ಟಿಗೆ ಒಳ್ಳೆಯದು ಅಂತ ಆಸೆ ತೋರಿಸಿ ಜನರನ್ನು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಕೆಂಪು ಕಣದ ಆಯಸ್ಸೇ ಸುಮಾರು 120 ದಿನ. ನೀವು ಕೊಡಿ, ಬಿಡಿ, ಹಳೆಯವು ಹೋಗಿ ಹೊಸವು ಬರುತ್ತಲೇ ಇರುತ್ತವೆ.

ಹಾರ್ಟಿನ ಮಾತು ಪೂರ್ತಿ ಗಾಳಿಮಾತೇನಲ್ಲ. ರಕ್ತ ಕೊಟ್ಟರೆ ಅದರ ಜೊತೆ ಕಬ್ಬಿಣವೂ ಹೋಗುತ್ತದೆ; ಮೈಯಲ್ಲಿ ಕಬ್ಬಿಣ ಕಮ್ಮಿ ಇದ್ದರೆ ಹೃದಯದ ಕಾಯಿಲೆಯೂ ಕಮ್ಮಿ ಇರಬಹುದು ಅಂತ 1981ರಲ್ಲಿ ಅಮೆರಿಕದ ವೈದ್ಯ ಜೆರೋಮ್ ಸಲ್ಲಿವನ್ ಬರೆದಿದ್ದರು. ಆದರೆ ಕಾಲಿನ ರಕ್ತನಾಳ ಕಟ್ಟಿಕೊಂಡವರಿಂದ ಆಗಾಗ ರಕ್ತ ತೆಗೆದು ಅಮೆರಿಕದಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅದರ ಫಲಿತಾಂಶ ಬಂದದ್ದು 2007ರಲ್ಲಿ. ದಾನಿಗಳು ಆರೋಗ್ಯವಾಗಿ ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆ: ಬಿಪಿ, ಹಿಮೋಗ್ಲೋಬಿನ್ ಎಲ್ಲ ನೋಡಿ, ಗಟ್ಟಿ ಇದ್ದವರಿಂದ ಮಾತ್ರ ತಾನೇ ರಕ್ತ ತೆಗೆದುಕೊಳ್ಳುವುದು? ಹಿಮೋಕ್ರೊಮಟೋಸಿಸ್ ಅನ್ನುವ ಕಾಯಿಲೆ ಇದ್ದವರ ಮೈಯಲ್ಲಿ ಕಬ್ಬಿಣ ಅತಿಯಾಗಿ ಸೇರುತ್ತದೆ, ಅವರಿಗೆ ರಕ್ತ ತೆಗೆಯುವುದೇ ಚಿಕಿತ್ಸೆ. ಅದು ಬೇರೆ ವಿಷಯ.

ನನಗೆ ನಿಜವಾಗಿ ಹೇಳಬೇಕಾದದ್ದು ಕಬ್ಬಿಣದ ಬಗ್ಗೆ. ಒಂದು ಸಲ ಕೊಟ್ಟರೆ ಹೋಗುವ ನೀರಿನ ಭಾಗ ಒಂದೆರಡು ದಿನದಲ್ಲಿ ತುಂಬುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು, ಆದರೆ ಜೊತೆಗೆ ಹೋದ 200ರಿಂದ 250 ಮಿಲಿಗ್ರಾಂ ಕಬ್ಬಿಣ ವಾಪಸ್ ಸೇರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಯಾಕೆಂದರೆ ಊಟದಿಂದ ಮೈಗೆ ಹತ್ತುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೇ. ಅಮೆರಿಕದಲ್ಲೇ ನಡೆದ, 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳದವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ 168 ದಿನ ಕಳೆದರೂ ಹೋದ ಕಬ್ಬಿಣ ಪೂರ್ತಿ ತುಂಬಿರಲಿಲ್ಲ.

ಬೆರಳು ಚುಚ್ಚಿ ಒಂದು ಹನಿ ತೆಗೆದು ನೋಡುತ್ತಾರಲ್ಲ, ಅದು ಹಿಮೋಗ್ಲೋಬಿನ್ ಮಾತ್ರ. ಮೈ ಮೊದಲು ತನ್ನ ದಾಸ್ತಾನಿನ ಕಬ್ಬಿಣ ಬಳಸಿಕೊಂಡು ಹಿಮೋಗ್ಲೋಬಿನ್ ಕಾಪಾಡಿಕೊಳ್ಳುತ್ತದೆ. ಹಾಗಾಗಿ ದಾಸ್ತಾನು ಖಾಲಿಯಾಗಿದ್ದರೂ ಆ ಹನಿಯಲ್ಲಿ ಎಲ್ಲ ಸರಿ ಅಂತಲೇ ಬರಬಹುದು. ದಾಸ್ತಾನು ತಿಳಿಯಲು ಫೆರಿಟಿನ್ ಟೆಸ್ಟೇ ಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ಸುಮ್ನೆ ಕೂತರೂ ಸುಸ್ತು, ರಾತ್ರಿ ಮಲಗಿದಾಗ ಕಾಲು ಅಲ್ಲಾಡಿಸಲೇಬೇಕು ಅನ್ನಿಸುವುದು, ಐಸ್ ತುಂಡು ಜಗಿಯುವ ಆಸೆ, ಇವೆಲ್ಲ ಕಬ್ಬಿಣ ಕಮ್ಮಿಯಾದಾಗ ಕಾಣಿಸಬಹುದು. ಮುಟ್ಟಾಗುವ ಹೆಣ್ಣುಮಕ್ಕಳು ಮತ್ತು ಹದಿಹರೆಯದವರು ಜಾಸ್ತಿ ಹುಷಾರಾಗಿರಬೇಕು.

ಹಾಗಂತ ಹೆದರಿ ನಿಲ್ಲಿಸಬೇಡಿ, ದಯವಿಟ್ಟು. ಇಂಗ್ಲೆಂಡಿನಲ್ಲಿ ಸುಮಾರು 45,000 ದಾನಿಗಳನ್ನು ಎರಡು ವರ್ಷ ಗಮನಿಸಿದರು. ಕಡಿಮೆ ಅಂತರದಲ್ಲಿ ಕೊಟ್ಟವರಿಗೆ ಸುಸ್ತು, ತಲೆ ಹಗುರಾದಂತಾಗುವುದು, ಕಬ್ಬಿಣ ಇಳಿಯುವುದು ಜಾಸ್ತಿಯಾಯಿತು, ಆದರೆ ಒಟ್ಟಾರೆ ಜೀವನದ ಗುಣಮಟ್ಟ ಕೆಡಲಿಲ್ಲ. ಫೆರಿಟಿನ್ ಕಮ್ಮಿ ಬಂದರೆ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಮುಂದಿನ ಸರದಿಯನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿ. ಶಿಬಿರ ನಡೆಸುವವರಲ್ಲೂ ನನ್ನದೊಂದು ಕೋರಿಕೆ: ಎಷ್ಟು ಸಲ ಕೊಟ್ಟಿರಿ ಅಂತ ಸರ್ಟಿಫಿಕೇಟ್ ಕೊಡುವಾಗ, ಫೆರಿಟಿನ್ ನೋಡಿಸಿದ್ದೀರಾ ಅಂತ ಒಂದು ಮಾತು ಕೇಳಿ.